ರಾತ್ರಿಯ ನಿದ್ದೆಗೆ ಮಾತ್ರ ದುಡ್ಡು: ಅಟ್ಲಾಂಟಿಕ್ ದಾಟುವ ಹಿರಿಯರಿಗೆ ಬಿಸಿನೆಸ್ ಕ್ಲಾಸ್

ಮೈಸೂರಿನ ಎನ್‌ಐಇಯಲ್ಲೋ ಎಸ್‌ಜೆಸಿಇಯಲ್ಲೋ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಕಂಪನಿ ಸೇರಿ, ಅಲ್ಲಿಂದ ನ್ಯೂಜೆರ್ಸಿ, ಡಲ್ಲಾಸ್, ಷಿಕಾಗೊ ಕಡೆ ಹೋದ ಮಕ್ಕಳು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಈಗ ಅಪರೂಪವಲ್ಲ. ಮಗಳ ಬಾಣಂತನಕ್ಕೆ, ಮೊಮ್ಮಗುವಿನ ನಾಮಕರಣಕ್ಕೆ, ಮಗ ಹೊಸ ಮನೆ ಕೊಂಡು ಹಾಲುಕ್ಕಿಸುವ ದಿನಕ್ಕೆ ಅಂತ ಅರವತ್ತು ಎಪ್ಪತ್ತು ದಾಟಿದ ಅಪ್ಪ ಅವ್ವ ವಿಮಾನ ಹತ್ತುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 1972ರಿಂದ ನೆಲೆಸಿರುವ ಟಿಬೆಟನ್ ಕುಟುಂಬಗಳಿಗೂ ನ್ಯೂಯಾರ್ಕ್, ಮಿನೆಸೋಟ, ಟೊರಾಂಟೊಗಳಲ್ಲಿ ಬಳಗವಿದೆ. ಇವರೆಲ್ಲರಿಗೂ ಸಾಮಾನ್ಯವಾಗಿ ಸಿಗುವುದು ಎಕಾನಮಿಯ ನಡುವಿನ ಸೀಟು. ಮೊಣಕಾಲು ಮಡಿಸಿದ್ದು ಮಡಿಸಿದಂತೆಯೇ ಭೂಮಿಯ ಇನ್ನೊಂದು ಬದಿಗೆ ಹೋಗಿ ಇಳಿಯುತ್ತಾರೆ. ಪಾದ ಊದಿ ಚಪ್ಪಲಿಗೆ ತೂರದ ಸ್ಥಿತಿಯಲ್ಲಿ ಮೊಮ್ಮಗುವನ್ನು ಎತ್ತಿಕೊಳ್ಳುತ್ತಾರೆ.

ಬಿಸಿನೆಸ್ ಕ್ಲಾಸ್ ಅಂದರೆ ಶ್ರೀಮಂತರ ಶೋಕಿ ಎಂದು ಅವರು ಆ ಮಾತನ್ನೇ ತೆಗೆಯುವುದಿಲ್ಲ. ಮಕ್ಕಳು ಒಮ್ಮೆ ದರ ನೋಡುತ್ತಾರೆ, ಎಕಾನಮಿಯ ಮೂರು ನಾಲ್ಕು ಪಟ್ಟು ಇರುವುದನ್ನು ಕಂಡು ಸುಮ್ಮನಾಗುತ್ತಾರೆ. ಆದರೆ ಹೋಗುವಾಗಲೂ ಬರುವಾಗಲೂ ಪೂರಾ ಬಿಸಿನೆಸ್, ಇಲ್ಲವೇ ಪೂರಾ ಎಕಾನಮಿ ಎಂದು ಎರಡೇ ದಾರಿ ಇರುವುದಲ್ಲ. ಎರಡರ ನಡುವೆ ಹಲವು ದಾರಿಗಳಿವೆ. ಅವುಗಳಲ್ಲಿ ನಮ್ಮ ಊರಿನ ಹಿರಿಯರಿಗೆ, ನಮ್ಮ ಪಾಸ್‌ಪೋರ್ಟಿಗೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಹೇಳುವುದಕ್ಕಾಗಿ ಈ ಬರಹ.

ಮೊದಲು ಪ್ರಯಾಣದ ನಿಜವಾದ ಉದ್ದ ನೋಡಿ

ಟಿಕೆಟ್ಟಿನ ಮೇಲೆ ಇಪ್ಪತ್ತೆರಡು ಗಂಟೆ ಎಂದು ಬರೆದಿರುತ್ತದೆ. ಹುಣಸೂರಿನಿಂದ ಮೈಸೂರಿಗೆ 45 ಕಿಲೋಮೀಟರ್, ಅಲ್ಲಿಂದ ಬೆಂಗಳೂರು ದಾಟಿ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಇನ್ನೂ 180ರ ಮೇಲೆ. ಪಿರಿಯಾಪಟ್ಟಣದವರಿಗೆ ಮತ್ತೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್. 2023ರಲ್ಲಿ ದಶಪಥ ಹೆದ್ದಾರಿ ತೆರೆದ ಮೇಲೆ ಮೈಸೂರು–ಬೆಂಗಳೂರು ಹಾದಿ ಚುರುಕಾಗಿದೆ ನಿಜ. ಬೆಂಗಳೂರು ನಗರದೊಳಗಿನ ಹೊತ್ತನ್ನು ಮಾತ್ರ ಯಾರೂ ಗ್ಯಾರಂಟಿ ಕೊಡಲಾರರು. ಯುರೋಪಿನ ಕಡೆಗೆ ಹೋಗುವ ವಿಮಾನಗಳಲ್ಲಿ ಹೆಚ್ಚಿನವು ನಡುರಾತ್ರಿ ಕಳೆದು ಬೆಳಗಾಗುವುದರೊಳಗೆ ಹಾರುತ್ತವೆ. ಮೂರು ಗಂಟೆಯ ವಿಮಾನಕ್ಕೆ ಹಿಂದಿನ ಸಂಜೆ ನಾಲ್ಕಕ್ಕೇ ಮನೆ ಬಿಡಬೇಕು. ಫ್ರಾಂಕ್‌ಫರ್ಟಿಗೆ ಸುಮಾರು ಹತ್ತು ಗಂಟೆ, ಅಲ್ಲಿ ಮೂರು ನಾಲ್ಕು ಗಂಟೆ ಕಾಯುವುದು, ಅಟ್ಲಾಂಟಿಕ್ ಮೇಲೆ ಎಂಟೂವರೆ ಒಂಬತ್ತು ಗಂಟೆ, ನ್ಯೂವಾರ್ಕಿನಲ್ಲಿ ವಲಸೆ ತಪಾಸಣೆಯ ಸಾಲು, ಮಗನ ಮನೆಗೆ ಕಾರು. ಎಲ್ಲ ಸೇರಿದರೆ ಮೂವತ್ತೈದು ಗಂಟೆಯ ಹತ್ತಿರ ಬರುತ್ತದೆ.

ಹಾಗೆ ಒಂದೇ ಕಡೆ ಕೂರುವುದು ಮೈನೋವಿನ ಮಾತು ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಮೀರಿ ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಒಟ್ಟಾರೆ ಆರು ಸಾವಿರದಲ್ಲಿ ಒಬ್ಬರಿಗೆ ಆಗಬಹುದಾದ ಅಪಾಯ ಅದು. ದೊಡ್ಡದಲ್ಲ. ಆದರೆ ಮಂಡಿ ಆಪರೇಷನ್ ಆದವರು, ಮೈ ಭಾರದವರು, ಹಿಂದೆ ಒಮ್ಮೆ ರಕ್ತ ಹೆಪ್ಪುಗಟ್ಟಿದವರು ಈ ಲೆಕ್ಕದಲ್ಲಿ ಹೆಚ್ಚು ಅಪಾಯದ ಕಡೆಗಿರುತ್ತಾರೆ. ಟಿಕೆಟ್ ಮಾತು ಎತ್ತುವ ಮುನ್ನ ಅಂಥವರನ್ನು ಡಾಕ್ಟರಿಗೆ ತೋರಿಸಬೇಕು.

ಹಗಲಿಗೆ ಎಕಾನಮಿ, ರಾತ್ರಿಗೆ ಬಿಸಿನೆಸ್

ಈಗ ಮುಖ್ಯ ಮಾತು. ಬಿಸಿನೆಸ್ ಕ್ಲಾಸಿನಲ್ಲಿ ಹಿರಿಯರಿಗೆ ನಿಜಕ್ಕೂ ಬೇಕಾದದ್ದು ಒಂದೇ: ಕಾಲು ಚಾಚಿ ಮಲಗುವ ಜಾಗ. ನಾಲ್ಕು ಬಗೆಯ ಊಟ, ವೈನು, ಬೆಳ್ಳಿ ಚಮಚ ಅವರಿಗೆ ಬೇಡ. ಮಲಗುವ ಜಾಗ ಬೇಕಾಗುವುದು ರಾತ್ರಿ ಮಾತ್ರ. ಹಾಗಾಗಿ ಪ್ರಯಾಣದ ಯಾವ ತುಂಡು ರಾತ್ರಿಯಲ್ಲಿ ಬರುತ್ತದೆ ಎಂದು ಗುರುತು ಮಾಡಿಕೊಂಡು, ಆ ತುಂಡಿಗೆ ಮಾತ್ರ ದುಡ್ಡು ಕೊಡಬೇಕು.

ಯುರೋಪಿನ ಮೇಲಿನ ದಾರಿಯಲ್ಲಿ ಈ ಲೆಕ್ಕ ಸಲೀಸು. ಬೆಂಗಳೂರಿನಿಂದ ಲುಫ್ತಾನ್ಸಾ ಫ್ರಾಂಕ್‌ಫರ್ಟಿಗೆ, ಏರ್ ಫ್ರಾನ್ಸ್ ಪ್ಯಾರಿಸ್ಸಿಗೆ, ಕೆಎಲ್ಎಂ ಆಮ್‌ಸ್ಟರ್‌ಡ್ಯಾಮಿಗೆ, ಬ್ರಿಟಿಷ್ ಏರ್‌ವೇಸ್ ಮತ್ತು 2024ರಿಂದ ವರ್ಜಿನ್ ಅಟ್ಲಾಂಟಿಕ್ ಲಂಡನ್ನಿಗೆ ಹಾರುತ್ತಿವೆ. ಹೋಗುವಾಗ ಮೊದಲ ತುಂಡು, ಅಂದರೆ ಬೆಂಗಳೂರಿನಿಂದ ಯುರೋಪಿಗೆ, ಹೆಚ್ಚಾಗಿ ರಾತ್ರಿ. ಮನೆ ಬಿಟ್ಟು ಆಗಲೇ ಹತ್ತು ಗಂಟೆ ದಣಿದಿರುತ್ತಾರೆ, ಮಲಗಿದರೆ ನಿದ್ದೆ ಬರುತ್ತದೆ. ಎರಡನೆಯ ತುಂಡು, ಯುರೋಪಿನಿಂದ ಅಮೆರಿಕಕ್ಕೆ, ಸೂರ್ಯನ ಜೊತೆಯಲ್ಲೇ ಪಡುವಣಕ್ಕೆ ಹೋಗುವುದು. ಹಗಲೋ ಹಗಲು. ಅದನ್ನು ಎಕಾನಮಿಯಲ್ಲಿ ಆಗಾಗ ಎದ್ದು ಓಡಾಡಿಕೊಂಡು ಕಳೆಯಬಹುದು. ವಾಪಸು ಬರುವಾಗ ಇದು ತಿರುಗುಮುರುಗು. ಅಮೆರಿಕದಿಂದ ಯುರೋಪಿಗೆ ಬರುವ ವಿಮಾನಗಳು ಸಂಜೆ ಹೊರಟು ಬೆಳಗ್ಗೆ ಇಳಿಯುತ್ತವೆ. ಅಲ್ಲಿ ಹಾಸಿಗೆ ಬೇಕು. ಯುರೋಪಿನಿಂದ ಬೆಂಗಳೂರಿಗೆ ಬರುವುದು ಹಗಲು ಹೊತ್ತು.

ಕೊಲ್ಲಿಯ ದಾರಿಯಲ್ಲಿ ಲೆಕ್ಕ ಬೇರೆ. ಎಮಿರೇಟ್ಸ್, ಕತಾರ್, ಎತಿಹಾದ್‌ಗಳಲ್ಲಿ ದುಬೈ, ದೋಹಾ, ಅಬುಧಾಬಿಗೆ ನಾಲ್ಕು ಗಂಟೆ, ಆಮೇಲೆ ನ್ಯೂಯಾರ್ಕಿಗೆ ಹದಿನಾಲ್ಕು ಗಂಟೆಯ ಒಂದೇ ಓಟ. ಮೊದಲ ತುಂಡಿಗೆ ಒಂದು ಪೈಸೆಯೂ ಹೆಚ್ಚಿಗೆ ಕೊಡಬೇಡಿ. ಕೊಡುವುದಿದ್ದರೆ ಆ ಹದಿನಾಲ್ಕು ಗಂಟೆಗೆ ಕೊಡಿ. ಅಬುಧಾಬಿಗೆ ಇನ್ನೊಂದು ಅನುಕೂಲವಿದೆ. 2014ರಿಂದ ಅಮೆರಿಕದ ವಲಸೆ ತಪಾಸಣೆಯನ್ನು ಅಲ್ಲಿಯೇ ಮುಗಿಸುವ ವ್ಯವಸ್ಥೆ ಇರುವುದರಿಂದ ಅಮೆರಿಕದಲ್ಲಿ ಇಳಿದ ಮೇಲೆ ಉದ್ದದ ಸಾಲು ಇರುವುದಿಲ್ಲ. ಇಂಗ್ಲಿಷಿಗೆ ಹೆದರುವ ಹಿರಿಯರಿಗೆ ಇದು ಸಣ್ಣ ಸಂಗತಿಯಲ್ಲ.

ಒಂದೇ ಟಿಕೆಟ್ಟಿನಲ್ಲಿ ಹೀಗೆ ಬೆರಸಿ ಕೊಳ್ಳಬಹುದು. ವಿಮಾನ ಸಂಸ್ಥೆಯ ವೆಬ್‌ಸೈಟಿನಲ್ಲಿ ‘ಮಲ್ಟಿ ಸಿಟಿ’ ಎಂಬ ಕಡೆ ಒಂದೊಂದು ತುಂಡಿಗೂ ಬೇರೆ ಬೇರೆ ದರ್ಜೆ ಕೊಟ್ಟು ನೋಡಿ. ಅಲ್ಲಿ ಆಗದಿದ್ದರೆ ಟ್ರಾವೆಲ್ ಏಜೆಂಟ್ ಮಾಡಿಕೊಡಬಲ್ಲರು. ತುಂಡು ಬೆರಸಲು ಬರದಿದ್ದರೂ ಹೋಗುವುದು ಬಿಸಿನೆಸ್, ಬರುವುದು ಎಕಾನಮಿ ಎಂದು ಕೊಳ್ಳಲು ಹೆಚ್ಚಿನ ಕಡೆ ಬರುತ್ತದೆ. ಒಂದು ಎಚ್ಚರಿಕೆ. ಯುರೋಪಿನ ಹಳೆಯ ಸಂಸ್ಥೆಗಳಲ್ಲಿ ದುಡ್ಡು ಕೊಟ್ಟು ಒಂದೇ ಕಡೆಯ ಟಿಕೆಟ್ ಕೊಂಡರೆ ಹೋಗಿಬರುವ ಟಿಕೆಟ್ಟಿನಷ್ಟೇ ಬೆಲೆ ಬೀಳುವುದುಂಟು. ಎರಡು ಕಡೆಯನ್ನೂ ಒಂದೇ ಟಿಕೆಟ್ಟಿನಲ್ಲಿ ಕೊಳ್ಳಿ.

ಮಕ್ಕಳ ಪಾಯಿಂಟ್ ಎಂಬ ಹುಂಡಿ

ಎಲ್ಲಕ್ಕಿಂತ ಅಗ್ಗದ ದಾರಿ ಊರಿನಲ್ಲಿಲ್ಲ, ಅಮೆರಿಕದಲ್ಲಿರುವ ಮಕ್ಕಳ ಜೇಬಿನಲ್ಲಿದೆ. ಅಲ್ಲಿ ದಿನಸಿ, ಪೆಟ್ರೋಲು, ಮಕ್ಕಳ ಡೇಕೇರ್ ಫೀಸು ಎಲ್ಲವೂ ಕ್ರೆಡಿಟ್ ಕಾರ್ಡಿನ ಮೇಲೆ ನಡೆಯುತ್ತದೆ. ಚೇಸ್, ಅಮೆರಿಕನ್ ಎಕ್ಸ್‌ಪ್ರೆಸ್, ಕ್ಯಾಪಿಟಲ್ ಒನ್ ಮುಂತಾದವುಗಳ ಕೆಲವು ಕಾರ್ಡುಗಳ ಪಾಯಿಂಟುಗಳನ್ನು ವಿಮಾನ ಸಂಸ್ಥೆಗಳ ಮೈಲುಗಳಾಗಿ, ಅಂದರೆ ಟಿಕೆಟ್ ಕೊಳ್ಳಲು ಬರುವ ಅಂಕಗಳಾಗಿ, ಬದಲಾಯಿಸಿಕೊಳ್ಳಬಹುದು. ಎಷ್ಟೋ ಮಕ್ಕಳು ಆ ಪಾಯಿಂಟುಗಳನ್ನು ಗಿಫ್ಟ್ ಕಾರ್ಡಿಗೆ, ಬಿಲ್ಲಿನ ರಿಯಾಯಿತಿಗೆ ಕರಗಿಸಿಬಿಡುತ್ತಾರೆ. ಬಿಸಿನೆಸ್ ಕ್ಲಾಸ್ ಸೀಟಿಗೆ ಬಳಸಿದಾಗ ಆ ಪಾಯಿಂಟಿಗೆ ಸಿಗುವ ಬೆಲೆ ಸಾಮಾನ್ಯವಾಗಿ ಅದರ ಎರಡು ಮೂರು ಪಟ್ಟು. ಮೈಲುಗಳಿಂದ ಒಂದು ಕಡೆಯ ಟಿಕೆಟ್ಟನ್ನೂ ಅರ್ಧ ಲೆಕ್ಕದಲ್ಲೇ ಕೊಳ್ಳಬಹುದು. ಹಾಗಾಗಿ ರಾತ್ರಿಯ ತುಂಡಿಗೆ ಮಾತ್ರ ಎಂಬ ನಮ್ಮ ಲೆಕ್ಕಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಏರ್ ಫ್ರಾನ್ಸ್–ಕೆಎಲ್ಎಂಗಳ ‘ಫ್ಲೈಯಿಂಗ್ ಬ್ಲೂ’ ಯೋಜನೆಯಲ್ಲಿ ಅಮೆರಿಕ ಮತ್ತು ಯುರೋಪಿನ ನಡುವೆ ಒಂದು ಕಡೆಯ ಬಿಸಿನೆಸ್ ಸೀಟಿನ ಕನಿಷ್ಠ ಬೆಲೆ 50,000 ಮೈಲು ಇದ್ದದ್ದನ್ನು 2025ರ ಆರಂಭದಲ್ಲಿ 60,000ಕ್ಕೆ ಏರಿಸಿದರು. ಹೀಗೆ ಏರಿಸುತ್ತಲೇ ಇರುವುದರಿಂದ ಪಾಯಿಂಟುಗಳನ್ನು ವರ್ಷಗಟ್ಟಲೆ ಕೂಡಿಡುವುದರಲ್ಲಿ ಲಾಭವಿಲ್ಲ. ಏರ್ ಕೆನಡಾದ ‘ಏರೋಪ್ಲಾನ್’ 2020ರಲ್ಲಿ ಇಂಧನ ಶುಲ್ಕ ಹಾಕುವುದನ್ನು ಬಿಟ್ಟಿತು. ಆ ಮೈಲುಗಳಿಂದ ಲುಫ್ತಾನ್ಸಾದಂಥ ಜೊತೆ ಸಂಸ್ಥೆಗಳ ಸೀಟು ಕೊಂಡರೆ ಕೈಯಿಂದ ಕೊಡುವ ನಗದು ಕಡಿಮೆ. ಬ್ರಿಟಿಷ್ ಏರ್‌ವೇಸಿನ ಏವಿಯೋಸ್ ಮೈಲು ಸುಲಭವಾಗಿ ಸಿಗುತ್ತದೆ, ಆದರೆ ಅವರದೇ ವಿಮಾನದಲ್ಲಿ ಅಟ್ಲಾಂಟಿಕ್ ದಾಟುವಾಗ ಹಾಕುವ ಶುಲ್ಕ ಭಾರಿ. ‘ಉಚಿತ ಟಿಕೆಟ್’ ಅನ್ನುವ ಮಾತಿಗೆ ಮರುಳಾಗದೆ ಕೊನೆಯ ಪುಟದ ಮೊತ್ತ ನೋಡಬೇಕು.

ಮಕ್ಕಳು ಮರೆಯಬಾರದ್ದು ಒಂದಿದೆ. ಕಾರ್ಡಿನ ಪಾಯಿಂಟನ್ನು ಒಮ್ಮೆ ಮೈಲಾಗಿ ಬದಲಾಯಿಸಿದರೆ ಹಿಂದಕ್ಕೆ ಬರುವುದಿಲ್ಲ. ಮೊದಲು ಸೀಟು ಕಣ್ಣಿಗೆ ಕಾಣಬೇಕು, ಆಮೇಲೆ ಪಾಯಿಂಟು ಕದಲಬೇಕು. ಸೀಟು ಹುಡುಕಲು ಎರಡು ಹೊತ್ತು ಒಳ್ಳೆಯದು: ಪ್ರಯಾಣಕ್ಕೆ ಹನ್ನೊಂದು ತಿಂಗಳು ಮುಂಚೆ ಸೀಟು ತೆರೆಯುವಾಗ, ಇಲ್ಲವೇ ಕಡೆಯ ಎರಡು ವಾರದಲ್ಲಿ ಮಾರಾಟವಾಗದ ಸೀಟನ್ನು ಬಿಟ್ಟುಕೊಡುವಾಗ. ಬಾಣಂತನಕ್ಕೆ ಹೋಗುವವರಿಗೆ ಮೊದಲನೆಯದು ಆಗದ ಮಾತು, ಎರಡನೆಯದು ಎದೆಗುಂದಿಸುವ ಮಾತು. ಅವರು ಎಕಾನಮಿ ಟಿಕೆಟ್ ಕೈಯಲ್ಲಿಟ್ಟುಕೊಂಡು ಮುಂದೆ ಹೇಳುವ ಬಿಡ್ಡಿನ, ಅಂದರೆ ಹರಾಜಿನ, ದಾರಿ ಹಿಡಿಯುವುದು ವಾಸಿ.

ಮೈಲು ಮಾರುವವರೆಂದು ಹೇಳಿಕೊಂಡು ವಾಟ್ಸಾಪಿನಲ್ಲಿ ಅರ್ಧ ಬೆಲೆಗೆ ಬಿಸಿನೆಸ್ ಟಿಕೆಟ್ ಕೊಡುತ್ತೇವೆ ಎನ್ನುವವರಿದ್ದಾರೆ. ಇನ್ನೊಬ್ಬರ ಖಾತೆಯ ಮೈಲನ್ನು ದುಡ್ಡಿಗೆ ಮಾರುವುದನ್ನು ವಿಮಾನ ಸಂಸ್ಥೆಗಳು ಒಪ್ಪುವುದಿಲ್ಲ. ಗೊತ್ತಾದರೆ ಟಿಕೆಟ್ ರದ್ದು ಮಾಡುತ್ತವೆ. ನ್ಯೂಯಾರ್ಕಿನಲ್ಲಿ ವಾಪಸು ಟಿಕೆಟ್ ರದ್ದಾಗಿ ನಿಂತ ಎಪ್ಪತ್ತರ ಹಿರಿಯರ ಸ್ಥಿತಿಯನ್ನು ಯೋಚಿಸಿದರೆ ಸಾಕು, ಆ ಕಡೆ ತಲೆ ಹಾಕುವುದು ಬೇಡ ಅನ್ನಿಸುತ್ತದೆ.

ಹರಾಜಿನ ಸೀಟು

ಹುಣಸೂರು, ಪಿರಿಯಾಪಟ್ಟಣದವರಿಗೆ ಹರಾಜು ಹೊಸದಲ್ಲ. ಹೊಗೆಸೊಪ್ಪಿನ ಬೇಲು ಮಾರುಕಟ್ಟೆಯಲ್ಲಿ ಕೂಗಿಗೆ ಬೀಳುವಂತೆ ಈಗ ಖಾಲಿ ಉಳಿದ ಬಿಸಿನೆಸ್ ಸೀಟುಗಳೂ ಬೀಳುತ್ತವೆ. ವ್ಯತ್ಯಾಸ ಇಷ್ಟೆ, ಇಲ್ಲಿ ನೀವು ಕೊಳ್ಳುವವರು, ಮತ್ತು ಪಕ್ಕದವರು ಎಷ್ಟು ಕೂಗಿದರೆಂದು ಕಾಣುವುದಿಲ್ಲ. ಎಕಾನಮಿ ಅಥವಾ ಪ್ರೀಮಿಯಂ ಎಕಾನಮಿ ಟಿಕೆಟ್ ಕೊಂಡವರಿಗೆ ಪ್ರಯಾಣಕ್ಕೆ ಕೆಲವು ವಾರ ಮುಂಚೆ ಲುಫ್ತಾನ್ಸಾ, ಏರ್ ಇಂಡಿಯಾ, ಎತಿಹಾದ್, ವರ್ಜಿನ್ ಅಟ್ಲಾಂಟಿಕ್ ಮುಂತಾದ ಸಂಸ್ಥೆಗಳು ‘ನಿಮ್ಮ ದರ ಹೇಳಿ’ ಎಂದು ಇಮೇಲ್ ಕಳುಹಿಸುತ್ತವೆ. ಬಾರದಿದ್ದರೆ ಅವರ ವೆಬ್‌ಸೈಟಿನಲ್ಲಿ ಬುಕಿಂಗ್ ಸಂಖ್ಯೆ ಹಾಕಿ ನೀವೇ ನೋಡಬಹುದು. ಒಂದೊಂದು ತುಂಡಿಗೂ ಬೇರೆ ಬೇರೆ ಬಿಡ್ ಹಾಕಲು ಬರುವುದರಿಂದ ರಾತ್ರಿಯ ತುಂಡಿಗೆ ಮಾತ್ರ ಹಾಕಿ, ಹಗಲಿನದನ್ನು ಬಿಡಿ. ಬಿಡ್ ಗೆಲ್ಲದಿದ್ದರೆ ದುಡ್ಡು ಹೋಗುವುದಿಲ್ಲ.

ಮೂರು ಸಂಗತಿ ನೆನಪಿರಲಿ. ಅಲ್ಲಿ ಹಾಕುವ ಮೊತ್ತ ಒಬ್ಬರಿಗೆ, ಒಂದು ತುಂಡಿಗೆ. ಇಬ್ಬರಿದ್ದರೆ ಎರಡು ಪಟ್ಟು ಕಡಿತವಾಗುತ್ತದೆ. ಒಂದೇ ಬುಕಿಂಗಿನಲ್ಲಿರುವ ಗಂಡ ಹೆಂಡತಿಗೆ ಬಿಡ್ ಒಟ್ಟಿಗೇ ಅನ್ವಯ. ಒಂದೇ ಸೀಟು ಖಾಲಿ ಇದ್ದರೆ ಇಬ್ಬರಿಗೂ ಸಿಗುವುದಿಲ್ಲ. ಅಪ್ಪ ಗಟ್ಟಿಯಾಗಿದ್ದು ಅವ್ವನಿಗೆ ಮಾತ್ರ ಮಂಡಿ ನೋವಿದ್ದರೆ ಇಬ್ಬರಿಗೂ ಬೇರೆ ಬೇರೆ ಬುಕಿಂಗ್ ಮಾಡಿಸಿ, ಅವ್ವನ ಸೀಟಿಗೆ ಮಾತ್ರ ಬಿಡ್ ಹಾಕಬಹುದು. ಆಗ ವಿಮಾನ ಸಂಸ್ಥೆಗೆ ಫೋನ್ ಮಾಡಿ ಎರಡೂ ಬುಕಿಂಗನ್ನು ಜೋಡಿಸಿ ಎಂದು ಹೇಳುವುದು ಅಗತ್ಯ. ಇನ್ನು ಬಿಡ್ಡಿನಲ್ಲಿ ಗೆದ್ದವರಿಗೆ ಬ್ಯಾಗಿನ ತೂಕ ಹಲವು ಸಂಸ್ಥೆಗಳಲ್ಲಿ ಮೊದಲು ಕೊಂಡ ಎಕಾನಮಿಯ ಲೆಕ್ಕದಲ್ಲೇ ಉಳಿಯುತ್ತದೆ. ಅಮೆರಿಕಕ್ಕೆ ಎಕಾನಮಿಯಲ್ಲಿ 23 ಕಿಲೋ, ಬಿಸಿನೆಸ್ಸಿನಲ್ಲಿ 32 ಕಿಲೋ ಒಂದು ಪೆಟ್ಟಿಗೆಗೆ ಸಾಮಾನ್ಯ ಮಿತಿ. ಹುರಿಹಿಟ್ಟು, ಹಪ್ಪಳ, ಸಾರಿನ ಪುಡಿ ತುಂಬುವ ಮುನ್ನ ಇದನ್ನು ವಿಚಾರಿಸಿಕೊಳ್ಳಿ.

ಲೆಕ್ಕ ಹೇಗೆ ಕೂಡುತ್ತದೆ ಎಂದು ಒಂದು ಊಹೆಯ ಉದಾಹರಣೆ ನೋಡೋಣ. ಒಬ್ಬರಿಗೆ ಹೋಗಿಬರುವ ಎಕಾನಮಿ 1 ಲಕ್ಷ 20 ಸಾವಿರ, ಬಿಸಿನೆಸ್ 4 ಲಕ್ಷ ಅಂದುಕೊಳ್ಳಿ. ಇಬ್ಬರೂ ಪೂರಾ ಬಿಸಿನೆಸ್ಸಿನಲ್ಲಿ ಹೋದರೆ 8 ಲಕ್ಷ. ಎಕಾನಮಿ ಕೊಂಡು, ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿಗೆ ತಲಾ 60 ಸಾವಿರದ ಬಿಡ್ ಗೆದ್ದರೆ ಒಟ್ಟು 4 ಲಕ್ಷ 80 ಸಾವಿರ. ಅವ್ವನಿಗೆ ಮಾತ್ರ ಆದರೆ 3 ಲಕ್ಷ 60 ಸಾವಿರ. ಅದೂ ಹೋಗುವಾಗ ಮಾತ್ರ ಸಾಕೆಂದರೆ 3 ಲಕ್ಷ. ಮಕ್ಕಳು ಇಬ್ಬರು ಮೂವರಿದ್ದು ಹಂಚಿಕೊಂಡರೆ ಇದು ಕೈಗೆಟುಕದ ಮಾತಲ್ಲ.

ತೆರಿಗೆಯನ್ನೂ ಸೇರಿಸಿ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಎಕಾನಮಿ ಬಿಟ್ಟು ಉಳಿದೆಲ್ಲ ದರ್ಜೆಯ ವಿಮಾನ ಟಿಕೆಟ್ಟಿನ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಏರಿದೆ. ಎಕಾನಮಿಗೆ ಶೇ 5 ಮಾತ್ರ. ಪ್ರೀಮಿಯಂ ಎಕಾನಮಿಯೂ ಈ ಶೇ 18ರ ಗುಂಪಿಗೇ ಸೇರಿದೆ. ಆ ದರ್ಜೆಯಲ್ಲಿ ಕಾಲಿಗೆ ಐದಾರು ಇಂಚು ಹೆಚ್ಚು ಜಾಗ ಸಿಗುತ್ತದೆ, ಹಾಸಿಗೆ ಸಿಗುವುದಿಲ್ಲ. ಎತ್ತರದ ಮನುಷ್ಯರಿಗೆ, ಹಗಲಿನ ತುಂಡಿಗೆ ಒಳ್ಳೆಯದು. ರಾತ್ರಿ ಮಲಗಲೇಬೇಕಾದವರಿಗೆ ಅಷ್ಟು ದುಡ್ಡಿಗೆ ತಕ್ಕ ಆರಾಮ ಅದರಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಯಾವ ತಿಂಗಳು

ಎಕಾನಮಿಗೆ ಯಾವಾಗ ನೂಕುನುಗ್ಗಲೋ ಆಗ ಬಿಸಿನೆಸ್ ಸೀಟು ಖಾಲಿ ಇರುವುದುಂಟು. ಅಟ್ಲಾಂಟಿಕ್ ಮೇಲೆ ಬಿಸಿನೆಸ್ ಕ್ಲಾಸಿನ ದೊಡ್ಡ ಗಿರಾಕಿಗಳು ಕಂಪನಿಗಳು. ಜುಲೈ ಕೊನೆಯಿಂದ ಆಗಸ್ಟಿನಲ್ಲಿ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ, ಕ್ರಿಸ್‌ಮಸ್ ವಾರದಲ್ಲಿ ಕಚೇರಿಯ ಮೀಟಿಂಗುಗಳಿರುವುದಿಲ್ಲ. ಖಾಲಿ ಸೀಟು ತುಂಬಿಸಲು ಆ ದಿನಗಳಿಗೆ ಸಂಸ್ಥೆಗಳು ಮುಂಚಿತವಾಗಿ ಬಿಸಿನೆಸ್ ಸೇಲ್ ಹಾಕುತ್ತವೆ. ಎಕಾನಮಿ ದರ ಏರಿ, ಬಿಸಿನೆಸ್ ದರ ಇಳಿದು, ಎರಡರ ನಡುವಿನ ಅಂತರ ಕಿರಿದಾಗುವ ಹೊತ್ತು ಅದು.

ನಮ್ಮ ಬೇಸಾಯದ ಪಂಚಾಂಗಕ್ಕೆ ಹೊಂದುವ ಇನ್ನೊಂದು ಕಾಲವೂ ಇದೆ. ಸೆಪ್ಟೆಂಬರ್ ಹೊತ್ತಿಗೆ ಶುರುವಾಗುವ ಹೊಗೆಸೊಪ್ಪಿನ ಹರಾಜು ಫೆಬ್ರುವರಿ, ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಕೆ.ಆರ್. ನಗರದ ಕಡೆ ಭತ್ತದ ಕೊಯ್ಲು, ಒಕ್ಕಣೆ ಜನವರಿಗೆ ಒಂದು ಹಂತಕ್ಕೆ ಬಂದಿರುತ್ತದೆ. ಕೈಯಲ್ಲಿ ದುಡ್ಡೂ ಬಿಡುವೂ ಇರುವ ಆ ದಿನಗಳಲ್ಲಿ, ಅಂದರೆ ಜನವರಿ ನಡುವಿನಿಂದ ಮಾರ್ಚ್ ಕೊನೆವರೆಗೆ, ಅಟ್ಲಾಂಟಿಕ್ ಮೇಲೆ ವರ್ಷದಲ್ಲೇ ಕಡಿಮೆ ಜನ. ಬಿಡ್ ಗೆಲ್ಲುವ ಸಾಧ್ಯತೆ ಹೆಚ್ಚು. ನ್ಯೂಜೆರ್ಸಿ, ಷಿಕಾಗೊಗಳಲ್ಲಿ ಆಗ ಹಿಮ ಬೀಳುತ್ತಿರುತ್ತದೆ, ಹಿರಿಯರು ಹೊರಗೆ ಕಾಲಿಡಲಾಗದೆ ಬೇಸರಪಡುತ್ತಾರೆ. ಮಗ ಟೆಕ್ಸಾಸಿನಲ್ಲೋ ಫ್ಲಾರಿಡಾದಲ್ಲೋ ಇದ್ದರೆ ಆ ಚಿಂತೆಯಿಲ್ಲ. ಚಳಿ ಬೇಡವೆಂದರೆ ಮಾರ್ಚ್ ಮೂರನೆಯ ವಾರದ ನಂತರ ಹೋಗಿ, ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಬರುವ ಜೂನ್‌ಗೆ ಮುಂಚೆ ಬಂದುಬಿಡುವುದು ಒಳ್ಳೆಯದು. ಆಗ ಹೊಗೆಸೊಪ್ಪಿನ ಸಸಿ ಮಡಿ ನೋಡಿಕೊಳ್ಳಲು, ಮೇ ನಾಟಿಗೆ ಮನೆಯಲ್ಲಿ ಇನ್ನೊಬ್ಬರು ಇರಬೇಕಾಗುತ್ತದೆ. ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನ ನೋಡುವ ಆಸೆಯಿರುವವರು ಅದು ಸಾಮಾನ್ಯವಾಗಿ ಲೇಬರ್ ಡೇ ರಜೆಯ ಸುತ್ತ ನಡೆಯುವುದರಿಂದ ವಾಪಸು ಟಿಕೆಟ್ಟನ್ನು ಸೆಪ್ಟೆಂಬರ್ ಎರಡನೆಯ ವಾರಕ್ಕೆ ತಳ್ಳಬೇಕು. ಆ ರಜೆ ಕಳೆದ ಮೇಲೆ ದರ ಇಳಿಯುತ್ತದೆ.

ಗೂಗಲ್ ಫ್ಲೈಟ್ಸಿನಲ್ಲಿ ದರ್ಜೆಯನ್ನು ಬಿಸಿನೆಸ್‌ಗೆ ಬದಲಿಸಿ ದಿನಾಂಕಗಳ ಪಟ್ಟಿ ತೆರೆದರೆ ಎರಡು ತಿಂಗಳ ದರ ಒಂದೇ ನೋಟಕ್ಕೆ ಸಿಗುತ್ತದೆ. ಬೆಂಗಳೂರಿನ ಜೊತೆಗೆ ಚೆನ್ನೈಯನ್ನೂ ಹಾಕಿ ನೋಡಿ. ಲುಫ್ತಾನ್ಸಾ, ಬ್ರಿಟಿಷ್ ಏರ್‌ವೇಸ್ ಅಲ್ಲಿಂದಲೂ ಹಾರುತ್ತವೆ. 2022ರ ನವೆಂಬರಿನಿಂದ ಮೈಸೂರು–ಚೆನ್ನೈ ವಂದೇ ಭಾರತ್ ರೈಲು ಇರುವುದರಿಂದ ಆ ಪ್ರಯಾಣ ಮೊದಲಿನಷ್ಟು ಕಷ್ಟವಲ್ಲ. ದೊಡ್ಡ ಮೊತ್ತ ಉಳಿಯುವುದಾದರೆ ಮಾತ್ರ ಆ ಸಾಹಸ.

ನಮ್ಮ ಪಾಸ್‌ಪೋರ್ಟಿಗೆ ಒಗ್ಗದ ಉಪಾಯಗಳು

ಅಗ್ಗದ ಬಿಸಿನೆಸ್ ಕ್ಲಾಸ್ ಎಂದು ಹುಡುಕಿದರೆ ಮೊದಲು ಸಿಗುವುದು ಪಾಶ್ಚಾತ್ಯರ ಸಲಹೆ. ಲಂಡನ್ನಿನಿಂದ ಹೊರಡುವ ಟಿಕೆಟ್ಟಿಗೆ ಬ್ರಿಟನ್ ಸರ್ಕಾರ ಏರ್ ಪ್ಯಾಸೆಂಜರ್ ಡ್ಯೂಟಿ ಎಂಬ ತೆರಿಗೆ ಹಾಕುತ್ತದೆ. ಅಮೆರಿಕದಷ್ಟು ದೂರಕ್ಕೆ ಬಿಸಿನೆಸ್ಸಿನಲ್ಲಿ ಅದು ತಲೆಗೆ ಇನ್ನೂರು ಪೌಂಡ್ ದಾಟಿದೆ. ಅದನ್ನು ತಪ್ಪಿಸಲು ಅಲ್ಲಿನವರು ಡಬ್ಲಿನ್, ಲಿಸ್ಬನ್, ಆಮ್‌ಸ್ಟರ್‌ಡ್ಯಾಮುಗಳಿಗೆ ಅಗ್ಗದ ವಿಮಾನದಲ್ಲಿ ಹೋಗಿ ಅಲ್ಲಿಂದ ಬೇರೆ ಟಿಕೆಟ್ಟಿನಲ್ಲಿ ಅಟ್ಲಾಂಟಿಕ್ ದಾಟುತ್ತಾರೆ. ಏರ್ ಲಿಂಗಸ್, ಟ್ಯಾಪ್, ಐಸ್‌ಲ್ಯಾಂಡೇರ್, 2021ರಲ್ಲಿ ಲಂಡನ್ನಿಗೆ ಬಂದ ಜೆಟ್‌ಬ್ಲೂ, ಪ್ಯಾರಿಸ್–ನ್ಯೂವಾರ್ಕ್ ನಡುವೆ ಬರೀ 76 ಬಿಸಿನೆಸ್ ಸೀಟಿನ ವಿಮಾನ ಹಾರಿಸುವ ಲಾ ಕಂಪಾನಿ, ಇವುಗಳ ದರ ದೊಡ್ಡ ಸಂಸ್ಥೆಗಳಿಗಿಂತ ಕಡಿಮೆ ಇರುವುದು ನಿಜ. ಬ್ರಿಟನ್ನಿನಲ್ಲೋ ಐರ್ಲೆಂಡಿನಲ್ಲೋ ನೆಲೆಸಿ ಅಲ್ಲಿನ ಪಾಸ್‌ಪೋರ್ಟ್ ಪಡೆದ ಕನ್ನಡ ಕುಟುಂಬಗಳಿಗೆ, ಅಮೆರಿಕದ ಅಣ್ಣನ ಮನೆಗೆ ಹೋಗುವವರಿಗೆ ಇದು ಒಳ್ಳೆಯ ದಾರಿ.

ಊರಿನಿಂದ ಹೊರಟ ಅಪ್ಪ ಅವ್ವನಿಗೆ ಮಾತ್ರ ಇದು ಖಂಡಿತ ಬೇಡ. ಎರಡು ಬೇರೆ ಟಿಕೆಟ್ ಅಂದರೆ ಸಾಮಾನ್ಯವಾಗಿ ನಡುವಿನ ದೇಶದೊಳಗೆ ಹೊಕ್ಕು, ಪೆಟ್ಟಿಗೆ ತೆಗೆದುಕೊಂಡು, ಮತ್ತೆ ಚೆಕ್ಇನ್ ಮಾಡಬೇಕು. ಭಾರತದ ಪಾಸ್‌ಪೋರ್ಟಿಗೆ ಅದಕ್ಕೆ ಆ ದೇಶದ ವೀಸಾ ಬೇಕು. ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಇದ್ದರೆ ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಲಂಡನ್ನಿನ ನಿಲ್ದಾಣದೊಳಗೇ ವಿಮಾನ ಬದಲಿಸಲು ಸಾಮಾನ್ಯವಾಗಿ ಬೇರೆ ವೀಸಾ ಕೇಳುವುದಿಲ್ಲ. ಹೊರಗೆ ಬರಬೇಕಾದರೆ ಸಾಮಾನ್ಯವಾಗಿ ಕೇಳುತ್ತಾರೆ. ಲಂಡನ್ನಿನಲ್ಲಿ ಹೀಥ್ರೂನಲ್ಲಿ ಇಳಿದು ಗ್ಯಾಟ್‌ವಿಕ್‌ನಿಂದ ಹೊರಡುವ ಟಿಕೆಟ್ಟು ಅಗ್ಗವಾಗಿ ಕಂಡರೂ ಹೊರಗೆ ಬಂದು ಪೆಟ್ಟಿಗೆ ಸಾಗಿಸುವ ತೊಡಕಿದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಬೇರೆ ಟಿಕೆಟ್ಟಾದ್ದರಿಂದ ಯಾರೂ ಹೊಣೆಯಲ್ಲ. ಕೊಲಂಬೋದಿಂದ ಹೊರಟರೆ ಅಗ್ಗ ಎನ್ನುವ ಮಾತೂ ಇಂಥದ್ದೇ. ಟಿಕೆಟ್ಟಿನ ಮೊದಲ ತುಂಡನ್ನು ಬಿಟ್ಟು ನಡುವೆ ಹತ್ತಿದರೆ ಉಳಿದದ್ದೆಲ್ಲ ರದ್ದಾಗುವುದರಿಂದ ನಿಜವಾಗಿಯೂ ಕೊಲಂಬೋಗೆ ಹೋಗಿಯೇ ಹೊರಡಬೇಕು. ಮನೆಯಿಂದ ಮಗನ ಮನೆವರೆಗೆ ಒಂದೇ ಟಿಕೆಟ್, ಒಂದೇ ಕಡೆ ವಿಮಾನ ಬದಲಾವಣೆ, ನಡುವೆ ಎರಡೂವರೆಯಿಂದ ನಾಲ್ಕು ಗಂಟೆ ಬಿಡುವು. ಹಿರಿಯರಿಗೆ ಇದಕ್ಕಿಂತ ಕಡಿಮೆಯಲ್ಲಿ ಒಪ್ಪಬೇಡಿ.

ಬೈಲಕುಪ್ಪೆ, ಗುರುಪುರದ ಟಿಬೆಟನ್ನರಲ್ಲಿ ಭಾರತ ಸರ್ಕಾರ ಕೊಡುವ ಹಳದಿ ಹೊದಿಕೆಯ ಗುರುತಿನ ಪುಸ್ತಕದ ಮೇಲೆ ಹೋಗುವವರಿಗೆ ನಿಯಮ ಇನ್ನೂ ಬೇರೆ. ಪಾಸ್‌ಪೋರ್ಟಿಗೆ ಸಿಗುವ ರಿಯಾಯಿತಿ ಆ ಪುಸ್ತಕಕ್ಕೂ ಸಿಗುತ್ತದೆಂದು ಭಾವಿಸಬಾರದು. ವಿಮಾನ ಬದಲಿಸುವ ದೇಶದ ರಾಯಭಾರ ಕಚೇರಿಯಿಂದ ಸಾಗಣೆ ವೀಸಾ ವಿಚಾರ ಖಚಿತ ಮಾಡಿಕೊಂಡು, ಭಾರತಕ್ಕೆ ಮರಳಲು ಬೇಕಾದ ಅನುಮತಿಯ ಮುದ್ರೆ ಹಾಕಿಸಿಕೊಂಡ ಮೇಲೆಯೇ ಟಿಕೆಟ್ ಕೊಳ್ಳಬೇಕು.

ಮಗ ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್ ಕಡೆಯಿದ್ದರೆ ಅಟ್ಲಾಂಟಿಕ್ ದಾರಿಯೇ ಆಗಬೇಕೆಂದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ ಹಾರಿಸಿತು. ಇಂಥ ನೇರ ಮಾರ್ಗಗಳು ಶುರುವಾಗುತ್ತವೆ, ನಿಲ್ಲುತ್ತವೆ. ಟಿಕೆಟ್ ನೋಡುವ ದಿನ ಇದೆಯೇ ಎಂದು ನೋಡಿ.

ಹೆಸರು, ಏಜೆಂಟ್, ಸೀಟಿನ ನಕ್ಷೆ

ಹಳೇ ಮೈಸೂರಿನ ಹಿರಿಯರಿಗೆ ಮನೆತನದ ಹೆಸರು ಇರುವುದಿಲ್ಲ. ಇರುವುದು ಇನಿಷಿಯಲ್ ಮತ್ತು ಒಂದೇ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುತ್ತಾರೆ. ಅಮೆರಿಕದ ವೀಸಾದಲ್ಲಿ ಆಗ ಇರುವ ಒಂದೇ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರೆಯುತ್ತಾರೆ. ಟಿಕೆಟ್ಟಿನಲ್ಲಿ ಮಕ್ಕಳು ಇನ್ನೊಂದು ಬಗೆಯಲ್ಲಿ ಬರೆಸುತ್ತಾರೆ. ಮೂರೂ ತಾಳೆಯಾಗದೆ ಕೌಂಟರಿನಲ್ಲಿ ಕಿರಿಕಿರಿ. ದುಬೈಯಲ್ಲಿ ಎರಡು ದಿನ ಇದ್ದು ಹೋಗೋಣ ಎನ್ನುವವರಿಗಂತೂ 2022ರ ನವೆಂಬರಿನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ಪ್ರವೇಶವೇ ಕಷ್ಟ. ವೀಸಾ ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿಕೊಂಡರೆ ಎಲ್ಲ ಸಲೀಸು. ಬಿಸಿನೆಸ್ ಟಿಕೆಟ್ಟಿನ ಅಗ್ಗದ ದರಗಳಲ್ಲಿ ಹೆಸರು ಬದಲಾವಣೆಗೆ ಅವಕಾಶ ಇರುವುದೇ ಅಪರೂಪ.

ಮೈಸೂರಿನ ನಂಬಿಕಸ್ಥ ಏಜೆಂಟರ ಬಳಿ ವೆಬ್‌ಸೈಟಿನಲ್ಲಿ ಕಾಣದ ಸಗಟು ದರಗಳಿರುತ್ತವೆ, ಕೇಳುವುದರಲ್ಲಿ ತಪ್ಪಿಲ್ಲ. ದುಡ್ಡು ಕೊಟ್ಟ ಕೂಡಲೇ ಬುಕಿಂಗ್ ಸಂಖ್ಯೆಯಷ್ಟೇ ಅಲ್ಲ, ಹದಿಮೂರು ಅಂಕಿಯ ಇ–ಟಿಕೆಟ್ ಸಂಖ್ಯೆ ಕೇಳಿ ಪಡೆಯಿರಿ. ಅದು ಇಲ್ಲದಿದ್ದರೆ ಟಿಕೆಟ್ ಇನ್ನೂ ಆಗಿಲ್ಲ ಎಂದೇ ಅರ್ಥ. ಮೊದಲ ಮೂರು ಅಂಕಿ ಟಿಕೆಟ್ ಹೊರಡಿಸಿದ ಸಂಸ್ಥೆಯ ಗುರುತು: ಏರ್ ಇಂಡಿಯಾ 098, ಲುಫ್ತಾನ್ಸಾ 220, ಬ್ರಿಟಿಷ್ ಏರ್‌ವೇಸ್ 125, ಏರ್ ಫ್ರಾನ್ಸ್ 057, ಎಮಿರೇಟ್ಸ್ 176. ಸಂಸ್ಥೆಯ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ. ಮಗ ಅಮೆರಿಕದಲ್ಲಿ ಕೂತು ವಿಮಾನ ಸಂಸ್ಥೆಯಿಂದ ನೇರವಾಗಿ ಕೊಂಡರೆ ಇನ್ನೊಂದು ಲಾಭ. ಪ್ರಯಾಣ ಏಳು ದಿನಕ್ಕಿಂತ ಮುಂದಿದ್ದರೆ 24 ಗಂಟೆಯೊಳಗೆ ಪೂರ್ತಿ ದುಡ್ಡು ವಾಪಸು ಪಡೆಯುವ ಅವಕಾಶ ಅಲ್ಲಿನ ಕಾನೂನಿನಲ್ಲಿದೆ. ಒಳ್ಳೆಯ ದರ ಕಂಡಾಗ ಕೊಂಡು, ಆಮೇಲೆ ಮನೆಯವರನ್ನೆಲ್ಲ ಕೇಳಬಹುದು.

ಎಲ್ಲ ಬಿಸಿನೆಸ್ ಕ್ಲಾಸೂ ಹಾಸಿಗೆಯಲ್ಲ. ಎಮಿರೇಟ್ಸಿನ ಕೆಲವು ಹಳೆಯ 777 ವಿಮಾನಗಳಲ್ಲಿ ಸಾಲಿಗೆ ಎರಡು, ಮೂರು, ಎರಡು ಸೀಟು, ಮಲಗಿದರೆ ಇಳಿಜಾರು. ಅದೇ ಸಂಸ್ಥೆಯ ಎ380ರಲ್ಲಿ ಪೂರಾ ಹಾಸಿಗೆ. ದುಡ್ಡು ಕೊಡುವ ಮುನ್ನ ವಿಮಾನದ ಮಾದರಿ ಮತ್ತು ಸೀಟಿನ ನಕ್ಷೆ ನೋಡಿ, ಪ್ರತಿ ಸೀಟಿನಿಂದಲೂ ನೇರ ದಾರಿಗೆ ಇಳಿಯುವಂತಿರುವ ವಿಮಾನವನ್ನೇ ಆರಿಸಿ. ರಾತ್ರಿ ಶೌಚಕ್ಕೆ ಏಳುವ ಹಿರಿಯರು ಇನ್ನೊಬ್ಬರ ಕಾಲು ದಾಟಬೇಕಾಗಬಾರದು.

ಗಾಲಿಕುರ್ಚಿಗೆ ಯಾವ ದರ್ಜೆಯಲ್ಲೂ ದುಡ್ಡಿಲ್ಲ. ಪ್ರಯಾಣಕ್ಕೆ ಎರಡು ದಿನ ಮುಂಚೆಯಾದರೂ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಬೇರೆ ಬೇರೆ ಬರೆಸಿ. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಮುಂಬೈಗೆ ಬಂದ ಎಂಬತ್ತರ ಹಿರಿಯರೊಬ್ಬರು, ದಂಪತಿಗೆ ಒಂದೇ ಗಾಲಿಕುರ್ಚಿ ಸಿಕ್ಕಿದ್ದರಿಂದ ಹೆಂಡತಿಯ ಕುರ್ಚಿಯ ಹಿಂದೆ ನಡೆದು ಬರುತ್ತ ಕುಸಿದು ತೀರಿಕೊಂಡರು. ಇಳಿದ ಮೇಲೆ ಕುರ್ಚಿ ಬರುವವರೆಗೆ ಎಷ್ಟೇ ಹೊತ್ತಾದರೂ ಸೀಟು ಬಿಟ್ಟು ಏಳಬೇಡಿ ಎಂದು ಅಪ್ಪನಿಗೂ ಅವ್ವನಿಗೂ ಮೊದಲೇ ಹೇಳಿ ಒಪ್ಪಿಸಿ. ಟಿಕೆಟ್ಟಿನ ದಿನಾಂಕವನ್ನೂ ಅವರಿಗೆ ಬಿಡಿಸಿ ಹೇಳಬೇಕು. ಹದಿನೈದನೇ ತಾರೀಕು ಬೆಳಗಿನ ಜಾವ ಮೂರು ಗಂಟೆ ಅಂದರೆ ಮನೆ ಬಿಡುವುದು ಹದಿನಾಲ್ಕರ ಸಂಜೆ. ಈ ಒಂದು ದಿನದ ಗೊಂದಲದಲ್ಲಿ ವಿಮಾನ ತಪ್ಪಿದರೆ ಅಗ್ಗದ ದರದ ಟಿಕೆಟ್ಟಿಗೆ ಹೆಚ್ಚಿನದೇನೂ ವಾಪಸು ಬರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ವಿಮಾನ ಬದಲಾಗಿ, ಬಿಸಿನೆಸ್ ಟಿಕೆಟ್ ಕೊಂಡವರನ್ನು ಎಕಾನಮಿಗೆ ಇಳಿಸುವುದುಂಟು. ಯುರೋಪಿನಿಂದ ಹೊರಡುವ ಯಾವುದೇ ವಿಮಾನವಾಗಲಿ, ಯುರೋಪಿನ ಸಂಸ್ಥೆಯಲ್ಲಿ ಯುರೋಪಿಗೆ ಬರುವ ವಿಮಾನವಾಗಲಿ, 3,500 ಕಿಲೋಮೀಟರಿಗಿಂತ ದೂರದ ಹಾದಿಯಲ್ಲಿ ಹೀಗಾದರೆ ಆ ತುಂಡಿನ ಟಿಕೆಟ್ ಬೆಲೆಯ ಶೇ 75ನ್ನು ಹಿಂದಿರುಗಿಸಬೇಕೆಂದು ಯುರೋಪಿನ ಕಾನೂನು ಹೇಳುತ್ತದೆ. ಕೌಂಟರಿನಲ್ಲಿ ಒಂದು ಸಣ್ಣ ವೋಚರ್ ಕೊಟ್ಟು ಸಹಿ ಹಾಕಿ ಎಂದರೆ ಹಿರಿಯರು ಹಾಕದಿರಲಿ. ಹಳೆಯ, ಹೊಸ ಬೋರ್ಡಿಂಗ್ ಪಾಸ್ ಎರಡನ್ನೂ ಜೋಪಾನವಾಗಿ ತಂದು ಮಕ್ಕಳ ಕೈಗೆ ಕೊಡಲಿ. ಹಣ ಕೇಳಿ ಅರ್ಜಿ ಹಾಕಲು ಅವೇ ಬೇಕು.